ನೆಲದೊಳಗಿನ ಚಿತ್ರವನ್ನು ಪ್ರಶ್ನಿಸುವ ಹಕ್ಕು

ಗಣಿಗಾರಿಕೆಯ ಪ್ರಸ್ತಾವಗಳ ಜೊತೆ ಇಂದು ಮೂರು ಆಯಾಮದ ಬಣ್ಣದ ಚಿತ್ರಗಳೂ ಬರುತ್ತವೆ. ಬೆಟ್ಟವನ್ನು ಸೀಳಿ ತೋರಿಸಿದಂತೆ ಅದರ ಒಡಲಲ್ಲಿ ಕೆಂಪು ಬಣ್ಣದ ಅದಿರಿನ ರಾಶಿ ಕಾಣುತ್ತದೆ. ನೋಡಿದವರು ಅದನ್ನು ಛಾಯಾಚಿತ್ರವೆಂದೇ ನಂಬುವುದು ಸಹಜ. ವಾಸ್ತವದಲ್ಲಿ ಅದು ಗಣಕಯಂತ್ರದ ಲೆಕ್ಕಾಚಾರದ ಫಲ.

ಲೆಕ್ಕದ ತಳಹದಿ ಗಟ್ಟಿಯಾದುದೇ. ಗ್ರಾನೈಟಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 2.7 ಗ್ರಾಂ, ಮ್ಯಾಗ್ನಟೈಟಿನದು 5.2. ಸಾಂದ್ರವಾದ ಶಿಲೆಯಿರುವಲ್ಲಿ ಗುರುತ್ವ ಅತಿ ಸೂಕ್ಷ್ಮ ಪ್ರಮಾಣದಲ್ಲಿ ಹೆಚ್ಚುತ್ತದೆ. ಯಾವುದೇ ಆಕಾರದ ಶಿಲಾರಾಶಿಯ ಗುರುತ್ವವನ್ನು ಗಣಕಯಂತ್ರದಿಂದ ಶೀಘ್ರವಾಗಿ ಎಣಿಸುವ ವಿಧಾನವನ್ನು 1960ರಲ್ಲಿ ಮಾಣಿಕ್ ತಲ್ವಾನಿ ಮತ್ತು ಮಾರಿಸ್ ಯೂವಿಂಗ್ ಪ್ರಕಟಿಸಿದರು. ಶಿಲೆಯ ಆಕಾರ, ಸಾಂದ್ರತೆಗಳು ತಿಳಿದಿದ್ದರೆ ಉತ್ತರ ಒಂದೇ.

ತೊಡಕಿರುವುದು ಹಿಮ್ಮುಖ ಲೆಕ್ಕದಲ್ಲಿ. ಮೇಲಿನ ಅಳತೆಯಿಂದ ಒಳಗಿನ ಶಿಲೆಯನ್ನು ಊಹಿಸಹೊರಟರೆ, ಒಂದೇ ಅಳತೆಗೆ ಅಸಂಖ್ಯ ಉತ್ತರಗಳು ಹೊಂದುತ್ತವೆ. ಆಳದಲ್ಲಿ ಒತ್ತಾಗಿರುವ ರಾಶಿಯೂ ಮೇಲ್ಪದರದಲ್ಲಿ ತೆಳುವಾಗಿ ಹರಡಿದ ರಾಶಿಯೂ ಒಂದೇ ಬಗೆಯ ಗುರುತ್ವವನ್ನು ತೋರಬಲ್ಲವು. 1990ರ ದಶಕದಲ್ಲಿ ಕೆನಡಾದಲ್ಲಿ ಯಾವೊಗುವೊ ಲೀ ಮತ್ತು ಡಗ್ಲಸ್ ಓಲ್ಡನ್‌ಬರ್ಗ್ ನೆಲವನ್ನು ಸಣ್ಣ ಘನಗಳಾಗಿ ವಿಭಾಗಿಸಿ ಈ ಲೆಕ್ಕ ಮಾಡುವ ಕ್ರಮವನ್ನು ರೂಪಿಸಿದರು. ಆಳಕ್ಕೆ ತಕ್ಕ ತೂಕವನ್ನು ಲೆಕ್ಕದಲ್ಲಿ ಸೇರಿಸದಿದ್ದರೆ ರಾಶಿಯೆಲ್ಲ ಮೇಲ್ಮೈಯಲ್ಲೇ ಬಂದು ಕೂರುತ್ತದೆ. ಎಂದರೆ, ಚಿತ್ರದಲ್ಲಿ ಕಾಣುವ ಆಳದಲ್ಲಿ ವಿಜ್ಞಾನಿಯ ಆಯ್ಕೆಯೂ ಬೆರೆತಿದೆ. ಕಾಂತಕ್ಷೇತ್ರದ ಅಳತೆಗೂ ಈ ಮಾತು ಸಲ್ಲುತ್ತದೆ. ಕರ್ನಾಟಕದಲ್ಲಿ ಭೂಮಿಯ ಕಾಂತಕ್ಷೇತ್ರ ಬಹುಪಾಲು ಅಡ್ಡಲಾಗಿರುವುದರಿಂದ, ಕಾಂತೀಯ ಅದಿರಿನ ನೇರ ಮೇಲೆ ಕ್ಷೇತ್ರಬಲ ಹೆಚ್ಚುವ ಬದಲು ತಗ್ಗುವುದೂ ಉಂಟು.

ಇದು ವಿಜ್ಞಾನದ ದೋಷವಲ್ಲ; ಭೂಭೌತವಿಜ್ಞಾನಿಗಳೇ ಮುಕ್ತವಾಗಿ ಒಪ್ಪುವ ಮಿತಿ. ಕೊಳವೆ ಕೊರೆದು ತೆಗೆದ ಶಿಲಾಮಾದರಿಗಳು ಸೇರಿದಷ್ಟೂ ಊಹೆಯ ಹರವು ಕಿರಿದಾಗುತ್ತದೆ. ಆದರೆ ಶೋಲಾ ಕಾಡಿನಲ್ಲಿ ಕೊರೆಯುವ ಯಂತ್ರಕ್ಕೆ ದಾರಿ ಕಡಿಯುವುದೂ ಹಾನಿಯೇ.

ಮಣ್ಣು ಪರೀಕ್ಷೆಯ ವರದಿ ಕೈಗೆ ಬಂದಾಗ, ತೋಟದ ಎಷ್ಟು ಕಡೆ ಮಣ್ಣು ತೆಗೆದಿರಿ ಎಂದು ನಮ್ಮ ರೈತರು ಕೇಳುತ್ತಾರೆ. ಅದೇ ಪ್ರಶ್ನೆಯನ್ನು ಬೆಟ್ಟದ ಪರವಾಗಿಯೂ ಕೇಳಬೇಕು. ಅಳತೆಯ ಬಿಂದುಗಳು ಎಷ್ಟು ದೂರದಲ್ಲಿದ್ದವು? ಯಾವ ಸಾಂದ್ರತೆಯನ್ನು ಊಹಿಸಲಾಯಿತು? ಅದೇ ಅಳತೆಗೆ ಹೊಂದುವ ಬೇರೆ ಮಾದರಿಗಳೆಲ್ಲಿ? ಇವಕ್ಕೆ ಉತ್ತರವಿಲ್ಲದ ಚಿತ್ರವನ್ನು ಯಾವ ಅಹವಾಲು ಸಭೆಯೂ ಪುರಾವೆಯೆಂದು ಸ್ವೀಕರಿಸಬಾರದು.

ಮ್ಯಾಗ್ನಟೈಟ್ ಅದಿರಿನ ಕುದುರೆಮುಖದಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಕಡಿದ ಬೆಟ್ಟ ಮರಳಿ ಬರಲಿಲ್ಲ. ಮಾದರಿಯನ್ನು ನೂರು ಸಲ ತಿದ್ದಬಹುದು, ಬೆಟ್ಟವನ್ನು ಒಮ್ಮೆಯೂ ತಿದ್ದಲಾಗದು.