ಮೀನು ಕೊಳ್ಳಲು ಹೋದಾಗ ಟೇಪು ಮರೆತೆ

ತುಮಕೂರಿನಲ್ಲಿ ನನ್ನದು ಹೊಲಿಗೆ ಅಂಗಡಿ. ಜೂನ್ ಬಂತೆಂದರೆ ಯೂನಿಫಾರ್ಮ್ ಕೆಲಸ. ಹುಡುಗ ಬೆಳೆಯುತ್ತಾನಲ್ಲ ಅಂತ ಪ್ಯಾಂಟಿನ ಕೆಳಗೆ ಎರಡು ಇಂಚು ಬಟ್ಟೆ ಒಳಕ್ಕೆ ಮಡಿಚಿ ಹೊಲಿಯುತ್ತೇನೆ. ಇಷ್ಟು ಗೊತ್ತಿದ್ದವನಿಗೆ ಮೀನಿನ ಅಂಗಡಿಯಲ್ಲಿ ಮಾತ್ರ ಲೆಕ್ಕ ತಪ್ಪಿತು.

ಗಿರಾಕಿಗಳ ಮಕ್ಕಳು ನೋಡಿಕೊಂಡಿರಲಿ ಅಂತ ಮಿಷನ್ ಪಕ್ಕ ಒಂದು ಗಾಜಿನ ತೊಟ್ಟಿ ಇಟ್ಟೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ; ತುಂಬಿದರೆ 55 ಲೀಟರ್. ಮೀನನ್ನು ಬಣ್ಣ ನೋಡಿ ಆರಿಸಿದೆ: ಎರಡು ಗೋಲ್ಡ್‌ಫಿಶ್, ಒಂದು ಏಂಜೆಲ್, ನಾಲ್ಕು ಟೈಗರ್ ಬಾರ್ಬ್, ಹತ್ತು ನಿಯಾನ್ ಟೆಟ್ರಾ, ಗಾಜಿನ ಪಾಚಿ ತಿನ್ನಲು ಒಂದು ಸಕ್ಕರ್. ‘ಎಲ್ಲಾ ಒಟ್ಟಿಗೇ ಇರ್ತವೆ ಅಣ್ಣಾ’ ಅಂದ ಅಂಗಡಿಯವನು. ಇದ್ದವು, ನಾಲ್ಕು ದಿನ.

ಏಂಜೆಲ್‌ನ ಹೊಟ್ಟೆಯ ಕೆಳಗೆ ದಾರದಂಥ ಎರಡು ರೆಕ್ಕೆ ಇಳಿಬಿದ್ದಿರುತ್ತವೆ. ಐದನೆಯ ದಿನ ಬೆಳಿಗ್ಗೆ ನೋಡಿದರೆ ಒಂದು ಬುಡದವರೆಗೂ ಇಲ್ಲ, ಕಾಜಾ ಮುಗಿಸಿ ನಾನು ದಾರ ಕತ್ತರಿಸಿದ ಹಾಗೆ. ಟೈಗರ್ ಬಾರ್ಬ್‌ಗಳ ಕೆಲಸ. ಎಂಟು-ಹತ್ತು ಇದ್ದರೆ ಅವು ತಮ್ಮತಮ್ಮಲ್ಲೇ ಕಚ್ಚಾಡಿಕೊಂಡಿರುತ್ತವೆ, ನಾಲ್ಕೇ ಇದ್ದರೆ ಪಕ್ಕದವರ ಮೇಲೆ ಬೀಳುತ್ತವೆ. ಹೇಗಿದ್ದರೂ ಉದ್ದ ರೆಕ್ಕೆಯವುಗಳ ಜೊತೆ ಬೇಡ. ಬಾರ್ಬ್‌ಗಳನ್ನು ವಾಪಸು ಕೊಟ್ಟೆ. ಏಂಜೆಲ್ ಚೇತರಿಸಿಕೊಂಡಿತು, ಬೆಳೆಯಿತು, ಆಮೇಲೆ ಉಳಿದ ನಿಯಾನ್‌ಗಳನ್ನು ಒಂದೊಂದಾಗಿ ನುಂಗಿತು. ಅದನ್ನು ಬೈದು ಫಲವಿಲ್ಲ. ಬಾಯಿಗೆ ಹಿಡಿಸಿದ್ದೆಲ್ಲ ಅದಕ್ಕೆ ಊಟ.

‘ಉಳಿದ’ ಅಂದೆ, ಅರ್ಧ ನಿಯಾನ್ ಮೊದಲ ತಿಂಗಳೇ ಸತ್ತಿದ್ದವು. ಮೂಲದಲ್ಲಿ ಅದು ಅಮೆಜಾನ್ ಸೀಮೆಯ ಮೆದು ನೀರಿನ ಮೀನು. ನಮ್ಮ ಬೋರ್‌ವೆಲ್ ನೀರನ್ನು ಕಾಯಿಸಿದರೆ ಪಾತ್ರೆಗೆ ಬಿಳಿ ಪದರ ಕಟ್ಟುತ್ತದೆ. ಸಾಲದ್ದಕ್ಕೆ, ನೀರು ತುಂಬಿದ ದಿನವೇ ಎಲ್ಲವನ್ನೂ ಬಿಟ್ಟಿದ್ದೆ. ಮೀನಿನ ಹೊಲಸಿನಿಂದಾಗುವ ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಯೂರಲು ನಾಲ್ಕಾರು ವಾರ ಬೇಕಂತೆ.

ಈಗ ಇರುವುದು ಗಡಸು ನೀರಿಗೆ ಒಗ್ಗುವ ಪ್ಲಾಟಿ ನಾಲ್ಕು, ನಾಲ್ಕೂ ಗಂಡು. ಹೆಣ್ಣು ಸೇರಿದರೆ ತಿಂಗಳಿಗೊಂದು ಬಾಣಂತನ. ತಳದ ಮರಳು ಕೆದಕಿಕೊಂಡಿರುವ ಕೋರಿಡೋರಸ್ ಐದು. ಮೇಲೆ ಓಡಾಡಲು ಆರು ಜೀಬ್ರಾ ಡೇನಿಯೊ, ಭಾರತದ್ದೇ ಮೀನು. 1822ರಲ್ಲಿ ಅದನ್ನು ಮೊದಲು ಪುಸ್ತಕಕ್ಕೇರಿಸಿದ ಫ್ರಾನ್ಸಿಸ್ ಹ್ಯಾಮಿಲ್ಟನ್ ಬೇರೆ ಯಾರೂ ಅಲ್ಲ, 1800ರಲ್ಲಿ ನಮ್ಮ ಮೈಸೂರು ಸೀಮೆ ಸುತ್ತಿ ಬೆಳೆ, ಮಗ್ಗ, ಸಂತೆಗಳ ವಿವರ ಬರೆದಿಟ್ಟ ಬುಕಾನನ್ನೇ.

ನನ್ನ ತಕರಾರು ಇಷ್ಟು: ಅಂಗಡಿಯ ಪ್ರತಿ ತೊಟ್ಟಿಯ ಮೇಲೂ ರೇಟು ಅಂಟಿಸಿರುತ್ತಾರೆ. ಅದರ ಕೆಳಗೆ ‘ಬೆಳೆದರೆ ಇಷ್ಟು ಇಂಚು, ಕಡಿಮೆಯೆಂದರೆ ಇಷ್ಟು ಜೊತೆಗಿರಬೇಕು’ ಅಂತ ಎರಡು ಸಾಲು ಯಾಕಿಲ್ಲ? ‘ಹಾಗೆ ಬರೆದ್ರೆ ವ್ಯಾಪಾರ ಎಲ್ಲಿ ಆಗುತ್ತೆ ಅಣ್ಣಾ’ ಅಂತಾರೆ. ಸತ್ತ ಮೀನಿನ ಜಾಗಕ್ಕೆ ಮತ್ತೆ ಮೀನು ಮಾರುವುದೇ ವ್ಯಾಪಾರ ಅನ್ನುವುದಾದರೆ ಸರಿ.

ಸಕ್ಕರ್ ಕತೆ ಬಾಕಿ ಇದೆ. ತಂದಾಗ ಎರಡು ಇಂಚು. ಎರಡು ವರ್ಷಕ್ಕೆ ಗಾಜಿಗೆ ಟೇಪು ಹಿಡಿದು ನೋಡಿದರೆ ಹನ್ನೊಂದು. ಹನ್ನೆರಡು ಇಂಚು ಅಗಲದ ತೊಟ್ಟಿಯಲ್ಲಿ ತಿರುಗಬೇಕಾದರೆ ಬಾಲ ಮಡಚಬೇಕಿತ್ತು. ‘ಅಮಾನಿಕೆರೆಗೆ ಬಿಡಿ, ಪುಣ್ಯ ಬರುತ್ತೆ’ ಅಂದರೊಬ್ಬರು. ದಕ್ಷಿಣ ಅಮೆರಿಕದ ಈ ಮೀನು ಹೀಗೇ ಪುಣ್ಯವಂತರ ಕೈಯಿಂದ ದೇಶದ ಎಷ್ಟೋ ಕೆರೆ-ಹೊಳೆ ಸೇರಿ, ದಡ ಕೊರೆದು, ಬೆಸ್ತರ ಬಲೆ ಹರಿಯುತ್ತಿದೆ. ಬಕೆಟ್ಟಿನಲ್ಲಿ ಹಾಕಿಕೊಂಡು ಅಂಗಡಿಗೇ ಒಯ್ದೆ. ಹಿತ್ತಲ ಸಿಮೆಂಟ್ ತೊಟ್ಟಿಗೆ ಬಿಟ್ಟುಕೊಂಡರು. ಬರುವಾಗ ಮರಿ ಸಕ್ಕರ್‌ಗಳಿದ್ದ ಗಾಜಿನ ಮೇಲೆ ನನ್ನ ಹಳೇ ಟೇಪಿನಿಂದ ಹನ್ನೊಂದು ಇಂಚು ಕತ್ತರಿಸಿ ಅಂಟಿಸಿದೆ.

ಮುಂದಿನ ವಾರ ಹೋದಾಗ ಟೇಪು ಇರಲಿಲ್ಲ. ಸಕ್ಕರ್ ರೇಟು ಹತ್ತು ರೂಪಾಯಿ ಇಳಿದಿತ್ತು.