ತಲಪಾಡಿ ದಾಟುವ ಮೊದಲು ಒಂದು ಲೆಕ್ಕ ಹಾಕಿ

ಪ್ಲಸ್ ಟು ರಿಸಲ್ಟ್ ಬಂತು. ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗೆ ಕನ್ನಡದವರ ಮನೆಗಳಲ್ಲಿ ಈಗ ಒಂದೇ ಪ್ರಶ್ನೆ: "ಮಂಗಳೂರಲ್ಲಿ ಯಾವ ಕಾಲೇಜು?" ಮಂಗಳೂರಾ ಬೇಡವಾ ಅಂತ ಯಾರೂ ಕೇಳುವುದಿಲ್ಲ. ಅದು ಮೊದಲೇ ತೀರ್ಮಾನ ಆಗಿದೆ. ಅಣ್ಣ ಹೋಗಿದ್ದ, ಅಕ್ಕ ಹೋಗಿದ್ದಳು, ಪಕ್ಕದ ಮನೆಯವರೂ ಹೋದರು. ಹಾಗಾಗಿ ನಾವೂ.

ತಮ್ಮಂದಿರೇ, ತಂಗಿಯಂದಿರೇ, ಈ ಸಲ ಒಂದು ಮಾತು ಕೇಳಿ. ನಿಮಗೆ ಬೇಕಾದ ಕೋರ್ಸು ಜಿಲ್ಲೆಯೊಳಗೆ ಉಂಟಾದರೆ, ಕಣ್ಣೂರು ಯೂನಿವರ್ಸಿಟಿಯ ಏಕಗವಾಕ್ಷಿ ಅರ್ಜಿಯಲ್ಲಿ ಮೊದಲ ಆಪ್ಶನ್ ಮನೆಗೆ ಹತ್ತಿರದ ಸರಕಾರಿ ಕಾಲೇಜಿಗೆ ಕೊಡಿ. ಕಾಸರಗೋಡಿಗೆ ಕೊಡಿ, ಮಂಜೇಶ್ವರಕ್ಕೆ ಕೊಡಿ. ತಲಪಾಡಿ ದಾಟುವುದು ಕೊನೆಯ ಆಯ್ಕೆ ಆಗಿರಲಿ.

ಇದನ್ನು ಹೇಳುವವರು ನಾವಾ ಅಂತ ನಿಮಗೆ ಆಶ್ಚರ್ಯ ಆದೀತು. 1956ರ ನವೆಂಬರ್ 1ರಂದು ಆದದ್ದು ಅನ್ಯಾಯ ಎಂದು ಇವತ್ತಿಗೂ ಹೇಳುವವರು ನಾವು. ಚಂದ್ರಗಿರಿಯಿಂದ ಉತ್ತರದ ಭಾಗ ಕನ್ನಡ ನಾಡಿಗೆ ಸೇರಬೇಕು ಎಂದ 1967ರ ಮಹಾಜನ ವರದಿಯನ್ನು ಪ್ರತಿ ವರ್ಷ ನೆನಪಿಸುವವರೂ ನಾವೇ. ಅಂಥ ನಾವು ಕೇರಳದ ಕಾಲೇಜಿಗೆ ಸೇರಿ ಅನ್ನುವುದೆಂದರೆ ಎಂತ ಕಥೆ?

ಕಥೆ ಇಷ್ಟೆ. ಮಹಾಜನ ವರದಿ ಜಾರಿಯಾಗುವವರೆಗೆ ಕಾಯಬಹುದು, ಹೋರಾಡಬಹುದು. ಆದರೆ ಅಲ್ಲಿಯವರೆಗೆ ಈ ಮಣ್ಣಿನಲ್ಲಿ ಕನ್ನಡ ಉಳಿದಿರಬೇಕಲ್ಲ? ಅದನ್ನು ಉಳಿಸಲಿಕ್ಕೆ ಸಂವಿಧಾನದಲ್ಲಿ 350ಎ ವಿಧಿ ಉಂಟು, 350ಬಿ ಉಂಟು. ಕಾಗದದಲ್ಲಿರುವ ಆ ಹಕ್ಕನ್ನು ಸರಕಾರ ತಲೆ ಎಣಿಸಿಯೇ ಕೊಡುವುದು. ಎಣಿಸುವ ಹೊತ್ತಿಗೆ ನಾವು ಬಸ್ಸು ಹತ್ತಿ ಮಂಗಳೂರಲ್ಲಿರುತ್ತೇವೆ.

ಕಾಲೇಜಿನಲ್ಲಿ ಈ ಎಣಿಕೆ ಹೇಗೆ ನಡೆಯುತ್ತದೆ ಗೊತ್ತುಂಟಾ? ಕಾಸರಗೋಡು ಸರಕಾರಿ ಕಾಲೇಜು 1957ರದ್ದು. ಅಂದರೆ ನಮ್ಮನ್ನು ಕೇರಳಕ್ಕೆ ಸೇರಿಸಿದ ಮರುವರ್ಷದ್ದು. ಅಲ್ಲಿ ಕನ್ನಡ ವಿಭಾಗ ಉಂಟು, ಎಂ.ಎ.ವರೆಗೆ ಓದಬಹುದು. ಬೇರೆ ವಿಷಯ ಓದುವವರು ಎರಡನೇ ಭಾಷೆಯಾಗಿ ಕನ್ನಡ ತೆಗೆದುಕೊಳ್ಳಬಹುದು. ಈ ವಿಭಾಗದಲ್ಲಿ ಎಷ್ಟು ಅಧ್ಯಾಪಕರು ಇರಬೇಕು ಎನ್ನುವುದನ್ನು ಪ್ರೀತಿಯೋ ಇತಿಹಾಸವೋ ತೀರ್ಮಾನಿಸುವುದಿಲ್ಲ. ವಾರಕ್ಕೆ ಎಷ್ಟು ಗಂಟೆ ಪಾಠ ಉಂಟು ಎನ್ನುವ ಲೆಕ್ಕ ತೀರ್ಮಾನಿಸುತ್ತದೆ. ಕೇರಳದಲ್ಲಿ ಒಂದು ಖಾಯಂ ಹುದ್ದೆಗೆ ವಾರಕ್ಕೆ 16 ಗಂಟೆ ಪಾಠ ಬೇಕು. 2020ರಲ್ಲಿ ಸರಕಾರ ಈ ಲೆಕ್ಕವನ್ನು ಇನ್ನೂ ಬಿಗಿ ಮಾಡಿತು.

ಈಗ ನೀವೇ ನೋಡಿ. ಕನ್ನಡ ತೆಗೆದುಕೊಳ್ಳುವ ಮಕ್ಕಳು ಕಡಿಮೆಯಾದರೆ ಬ್ಯಾಚು ಕಡಿಮೆ. ಬ್ಯಾಚು ಕಡಿಮೆಯಾದರೆ ಗಂಟೆ ಕಡಿಮೆ. ಗಂಟೆ ಸಾಲದಿದ್ದರೆ ಖಾಯಂ ಹುದ್ದೆ ಇಲ್ಲ, ಗೆಸ್ಟ್ ಲೆಕ್ಚರರ್. ವರ್ಷ ವರ್ಷ ಬದಲಾಗುವ ಗೆಸ್ಟ್ ಇದ್ದಲ್ಲಿಗೆ ಮಕ್ಕಳು ಬರಲು ಹಿಂಜರಿಯುತ್ತಾರೆ. ಮುಂದಿನ ವರ್ಷ ಇನ್ನೂ ಕಡಿಮೆ. ಹೀಗೆ ಒಂದು ವಿಭಾಗ ಸಾಯುವಾಗ ಯಾವ ಮಂತ್ರಿಯೂ ಆದೇಶ ಹೊರಡಿಸಬೇಕಾಗಿಲ್ಲ. ನಾವು ಬರದೇ ಇದ್ದರೆ ಸಾಕು.

2017ರಲ್ಲಿ ಮಲಯಾಳ ಕಡ್ಡಾಯದ ಕಾನೂನು ಬಂದಾಗ ನಾವು ಸುಮ್ಮನೆ ಕೂತಿರಲಿಲ್ಲ. ವಿದ್ಯಾನಗರದ ಕಲೆಕ್ಟರೇಟಿನ ಎದುರು ಸಾವಿರಾರು ಜನ ಸೇರಿದೆವು. ಬಿಸಿಲಲ್ಲಿ ಕೂತು ಘೋಷಣೆ ಕೂಗಿದೆವು. ಅದೇ ವಿದ್ಯಾನಗರದಲ್ಲಿ, ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಈ ಸರಕಾರಿ ಕಾಲೇಜು ಉಂಟು. ಘೋಷಣೆ ಕೂಗಿದವರಲ್ಲಿ ಎಷ್ಟು ಮಂದಿ ತಮ್ಮ ಮಕ್ಕಳನ್ನು ಅಲ್ಲಿಗೆ ಸೇರಿಸಿದರು? ನಾವು ನಮ್ಮನ್ನೇ ಕೇಳಿಕೊಳ್ಳುತ್ತಿದ್ದೇವೆ. ಉತ್ತರ ಹೇಳಲಿಕ್ಕೆ ನಾಚಿಕೆ ಆಗುತ್ತದೆ.

ಎರಡನೆಯದು ಕೆಲಸದ ಪ್ರಶ್ನೆ. ಕನ್ನಡ ಮಾಧ್ಯಮ ಶಾಲೆಗೆ ಕನ್ನಡ ಬಾರದ ಟೀಚರನ್ನು ಹಾಕಿದರು ಅಂತ ನಾವು ಎಷ್ಟು ಸಲ ಶಾಲೆಯ ಗೇಟಿನ ಎದುರು ನಿಂತಿಲ್ಲ? ಅದು ನ್ಯಾಯವಾದ ಸಿಟ್ಟು. ಗಣಿತವನ್ನೋ ಸಮಾಜವನ್ನೋ ಅರ್ಥವಾಗದ ಭಾಷೆಯಲ್ಲಿ ಕೇಳುವ ಮಗುವಿನ ಮುಖ ನೋಡಿದವರಿಗೆ ಆ ಸಿಟ್ಟು ಬರಲೇಬೇಕು. ಆದರೆ ಇನ್ನೊಂದು ಬದಿಯೂ ಉಂಟು. ಕೇರಳ ಪಿಎಸ್‌ಸಿ ಕನ್ನಡ ಮಾಧ್ಯಮದ ಎಲ್.ಪಿ., ಯು.ಪಿ., ಹೈಸ್ಕೂಲ್ ಟೀಚರ್ ಹುದ್ದೆಗಳಿಗೆ ಬೇರೆಯೇ ಅರ್ಜಿ ಕರೆಯುತ್ತದೆ. ಕನ್ನಡ ಬಲ್ಲ ಕ್ಲರ್ಕ್ ಹುದ್ದೆಗೂ ಕರೆಯುತ್ತದೆ. ಹೈಸ್ಕೂಲಿನ ಗಣಿತಕ್ಕೆ ಗಣಿತದ ಡಿಗ್ರಿ, ಬಿ.ಎಡ್., ಕೆ-ಟೆಟ್ ಬೇಕು, ಕನ್ನಡವೂ ಬೇಕು. ಇಷ್ಟೂ ಇರುವ ನಮ್ಮ ಹುಡುಗರು ಸಾಲಿನಲ್ಲಿ ಎಷ್ಟು ಮಂದಿ ನಿಂತಿದ್ದಾರೆ? ಸಾಲು ಖಾಲಿ ಇದ್ದರೆ ಅಲ್ಲಿಗೆ ಬೇರೆಯವರು ಬಂದೇ ಬರುತ್ತಾರೆ.

ಮಂಗಳೂರಲ್ಲಿ ಡಿಗ್ರಿ ಮಾಡಿದವರಿಗೆ ಈ ಬಾಗಿಲು ಮುಚ್ಚಿದೆ ಅಂತ ನಾವು ಹೇಳುತ್ತಿಲ್ಲ. ಆಚೆ ಓದಿ ಬಂದು ಇಲ್ಲಿ ಒಳ್ಳೆಯ ಟೀಚರ್ ಆದವರು ನಮ್ಮ ನಡುವೆ ಇದ್ದಾರೆ. ಆದರೆ ಈಕ್ವಿವಲೆನ್ಸಿ ಸರ್ಟಿಫಿಕೇಟ್ ಎಂದು ಅಲೆದು ಚಪ್ಪಲಿ ಸವೆಸಿದವರ ಹತ್ತಿರ ಒಮ್ಮೆ ಮಾತಾಡಿ. ಅದಕ್ಕಿಂತ ದೊಡ್ಡ ನಷ್ಟ ಸುದ್ದಿ ಸಿಗದಿರುವುದು. ಕಾಸರಗೋಡಿನ ಕ್ಲಾಸಿನಲ್ಲಿ ಕೂತವನಿಗೆ ಪಿಎಸ್‌ಸಿ ಒನ್ ಟೈಮ್ ರಿಜಿಸ್ಟ್ರೇಶನ್ ಯಾವಾಗ ಮಾಡಬೇಕು, ಕೆ-ಟೆಟ್ ನೋಟಿಫಿಕೇಶನ್ ಯಾವಾಗ ಬಂತು, ಇ-ಗ್ರಾಂಟ್ಸ್‌ಗೆ ಯಾವ ಕಾಗದ ಬೇಕು ಎನ್ನುವುದು ಬೆಂಚಿನಲ್ಲೇ ಗೊತ್ತಾಗುತ್ತದೆ. ಸೀನಿಯರ್ ಹೇಳುತ್ತಾನೆ, ಕ್ಯಾಂಟೀನಿನಲ್ಲಿ ಕಿವಿಗೆ ಬೀಳುತ್ತದೆ. ಮಂಗಳೂರಿನ ಕ್ಲಾಸಿನಲ್ಲಿ ಈ ಮಾತೇ ಇಲ್ಲ. ಗೊತ್ತಾಗುವ ಹೊತ್ತಿಗೆ ಕೊನೆಯ ದಿನಾಂಕ ದಾಟಿರುತ್ತದೆ.

ಮೂರನೆಯದು, ಗಡಿ ಅಂದರೆ ಎಂತ ಎನ್ನುವುದು ನಮಗೆ ಮರೆಯುವ ವಿಷಯ ಅಲ್ಲ. 2020ರ ಮಾರ್ಚ್‌ನಲ್ಲಿ ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿಯಿತು. ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ನಮ್ಮ ಜನ ಸತ್ತರು. ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2021ರಲ್ಲಿ ತಲಪಾಡಿ ದಾಟಲು 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ಸರ್ಟಿಫಿಕೇಟ್ ಕೇಳಿದರು. ದಿನಾ ಹೋಗಿ ಬರುವ ಕಾಲೇಜು ಮಕ್ಕಳು ಮತ್ತೆ ಮತ್ತೆ ಮೂಗಿಗೆ ಕಡ್ಡಿ ಹಾಕಿಸಿಕೊಳ್ಳುವುದಾ? ನಮ್ಮಲ್ಲೊಬ್ಬರ ತಂಗಿ ಆಗ ಅಲ್ಲಿನ ಒಂದು ಖಾಸಗಿ ಕಾಲೇಜಿನಲ್ಲಿ ಎರಡನೇ ವರ್ಷ. ಹಾಜರಿ ಕಡಿಮೆ ಅಂದರು, ಕಾರಣ ಕೇಳಲಿಲ್ಲ. ಅವಳು ಆಡುವ ಕನ್ನಡ, ಅವಳ ಅಜ್ಜಿಮನೆ ಬಂಟ್ವಾಳ, ಯಾವುದೂ ಆ ಚೆಕ್‌ಪೋಸ್ಟಿನಲ್ಲಿ ಲೆಕ್ಕಕ್ಕೆ ಬರಲಿಲ್ಲ. ಆಧಾರ್ ಕಾರ್ಡಿನ ವಿಳಾಸ ಮಾತ್ರ ಬಂತು.

ಕರ್ನಾಟಕದ ಮೇಲೆ ನಮಗೆ ಸಿಟ್ಟಿಲ್ಲ. ಅದು ನಮ್ಮ ಭಾಷೆಯ ಮನೆ. ಆದರೆ ಕಷ್ಟ ಬಂದಾಗ ಯಾವ ಸರಕಾರದ ಪಟ್ಟಿಯಲ್ಲಿ ನಮ್ಮ ಹೆಸರು ಉಂಟೋ, ಆ ಸರಕಾರದ ಕುತ್ತಿಗೆಪಟ್ಟಿ ಹಿಡಿಯುವ ಶಕ್ತಿ ನಮಗೆ ಇರಬೇಕು. ಆ ಶಕ್ತಿ ಇಲ್ಲಿನ ಕಾಲೇಜಿನಲ್ಲಿ, ಇಲ್ಲಿನ ಆಫೀಸಿನಲ್ಲಿ ಇದ್ದರೆ ಬರುತ್ತದೆ.

ಈಗ ನೀವು ಹೇಳುವ ಮಾತುಗಳಿಗೆ ಬರೋಣ. ನಮಗೆ ಗೊತ್ತು, ಇವನ್ನು ನಾವೂ ಹೇಳಿದವರೇ.

"ನಮಗೆ ಮಲಯಾಳ ಬರುವುದಿಲ್ಲ." ಹೌದು, ಕನ್ನಡ ಮಾಧ್ಯಮದಲ್ಲಿ ಕಲಿತವರಿಗೆ ಮೊದಲ ಆರು ತಿಂಗಳು ಕಷ್ಟ. ಕ್ಲಾಸಿನಲ್ಲಿ ಇಂಗ್ಲಿಷಿನ ನಡುವೆ ಮಲಯಾಳ ಬಂದಾಗ ತಲೆ ಖಾಲಿಯಾಗುತ್ತದೆ. ಆದರೆ ಓದಲಿಕ್ಕೆ, ಮಾತಾಡಲಿಕ್ಕೆ ಮಲಯಾಳ ಕಲಿತರೆ ಕನ್ನಡ ಸವೆಯುವುದಿಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಬ್ಯಾರಿ, ಕೊಂಕಣಿ, ಮಲಯಾಳ ಅಂತ ಬದುಕಿದ ಊರು ಇದು. ಸರಕಾರಿ ಆದೇಶ ಮಲಯಾಳದಲ್ಲಿ ಬರುವಾಗ ಅದನ್ನು ಓದಿ "ಇದು ನಮಗೂ ಕನ್ನಡದಲ್ಲಿ ಬೇಕು" ಎಂದು ಕೇಳಲಿಕ್ಕೂ ಮಲಯಾಳ ಗೊತ್ತಿರಬೇಕು. ಹೇರಿಕೆಯನ್ನು ವಿರೋಧಿಸೋಣ, ಕಲಿಕೆಗೆ ಹೆದರುವುದು ಬೇಡ.

"ಮಂಗಳೂರಲ್ಲಾದರೆ ಕನ್ನಡದ ವಾತಾವರಣ." ಹೌದಾ ಮಾರಾಯ್ರೆ? ಅಲ್ಲಿ ಬಿಕಾಂ, ಬಿಬಿಎ, ಬಿಸಿಎ ಪಾಠ ಯಾವ ಭಾಷೆಯಲ್ಲಿ? ಇಂಗ್ಲಿಷಿನಲ್ಲಿ. ಕ್ಯಾಂಪಸ್ಸಿನಲ್ಲಿ ನೋಟಿಸು? ಇಂಗ್ಲಿಷಿನಲ್ಲಿ. ಕನ್ನಡ ಇರುವುದು ನೀವು ಹೋಗುವ ಬಸ್ಸಿನ ಬೋರ್ಡಿನಲ್ಲಿ. ಅದಕ್ಕಾಗಿ ದಿನಕ್ಕೆ ನೂರು ಕಿಲೋಮೀಟರ್ ಪ್ರಯಾಣ, ಖಾಸಗಿ ಕಾಲೇಜಿನ ಫೀಸು, ಅಡಿಕೆ ಮಾರಿದ ಅಪ್ಪನ ದುಡ್ಡು.

"ಇಲ್ಲಿನ ಕಾಲೇಜಿನಲ್ಲಿ ಸೌಕರ್ಯ ಇಲ್ಲ." ಇದು ನಿಜ, ಮತ್ತು ಇದನ್ನು ನಾವು ಮುಚ್ಚಿಡುವುದಿಲ್ಲ. ಈ ಜಿಲ್ಲೆಯನ್ನು ಕೇರಳ ನೋಡಿಕೊಂಡ ರೀತಿಗೆ ಉಕ್ಕಿನಡ್ಕವೇ ಸಾಕ್ಷಿ. ಮೆಡಿಕಲ್ ಕಾಲೇಜಿಗೆ ಶಿಲಾನ್ಯಾಸ ಆದದ್ದು 2013ರಲ್ಲಿ. ಎಂಬಿಬಿಎಸ್ ಸೀಟಿಗೆ ಅನುಮತಿ ಸಿಗಲು 2025 ಬರಬೇಕಾಯಿತು. ಆದರೆ ಇದಕ್ಕೆ ನಾವೂ ಸ್ವಲ್ಪ ಕಾರಣ ಅಲ್ಲವಾ? ಕಾಯಿಲೆಗೆ ಮಂಗಳೂರು, ಓದಿಗೆ ಮಂಗಳೂರು, ಜವಳಿಗೆ ಮಂಗಳೂರು ಅಂತ ಹೊರಟವರು ಇಲ್ಲಿ ಯಾರ ಹತ್ತಿರ ಕೇಳಿದೆವು? ಬಳಸದ ಬಾವಿಯ ನೀರು ಹಾಳಾಗದೆ ಇರುತ್ತದಾ?

"ನನಗೆ ಬೇಕಾದ ಕೋರ್ಸು ಇಲ್ಲಿ ಇಲ್ಲ." ಹಾಗಿದ್ದರೆ ಹೋಗಿ. ಖಂಡಿತ ಹೋಗಿ. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆಂದು ಅವಕಾಶ ಉಂಟು. ಒಂದರಿಂದ ಹನ್ನೆರಡನೆಯ ತರಗತಿಯೊಳಗೆ ಏಳು ವರ್ಷ ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕಿನಲ್ಲಿ ಅಥವಾ ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದಂಥ ಕಡೆ ಓದಿದವರಿಗೆ ಅದು ಸಿಗುತ್ತದೆ. ಅದು ಹೋರಾಡಿ ಪಡೆದ ಹಕ್ಕು, ಬಳಸಿಕೊಳ್ಳಿ. ಎಂಜಿನಿಯರಿಂಗ್ ಆದರೆ ಮೊದಲು ಪೊವ್ವಲಿನ ಎಲ್‌ಬಿಎಸ್ ಕಾಲೇಜು ನೋಡಿ, ಆಮೇಲೆ ಆಚೆ ನೋಡಿ. ಎಂ.ಎ. ಕನ್ನಡ ಆದರೆ ಸರಕಾರಿ ಕಾಲೇಜು ಬಿಟ್ಟರೆ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ ಕನ್ನಡ ವಿಭಾಗ ಉಂಟು. ನಮ್ಮ ತಕರಾರು ಇಷ್ಟೇ: ಇಲ್ಲಿ ಇರುವುದನ್ನೇ ಓದಲಿಕ್ಕೆ ಅಲ್ಲಿಗೆ ಹೋಗಬೇಡಿ.

ಇದು ಕಾಸರಗೋಡಿನ ಕಥೆ ಮಾತ್ರ ಅಲ್ಲ. ಅಕ್ಕಲಕೋಟೆಯವರು ಕಲಬುರಗಿಗೆ, ಜತ್ತದವರು ವಿಜಯಪುರಕ್ಕೆ, ತಾಳವಾಡಿಯವರು ಚಾಮರಾಜನಗರಕ್ಕೆ, ರಾಯದುರ್ಗ, ಆದೋನಿಯವರು ಬಳ್ಳಾರಿಗೆ, ಹೊಸೂರಿನವರು ಬೆಂಗಳೂರಿಗೆ ನೋಡುತ್ತಾರೆ. ನಿಮ್ಮ ನಿಮ್ಮ ಊರಿನ ಲೆಕ್ಕವನ್ನು ನೀವೇ ಹಾಕಿ. ಹತ್ತಿರದ ಕಾಲೇಜಿನಲ್ಲಿ ಕನ್ನಡ ಎರಡನೇ ಭಾಷೆಯಾಗಿ ಉಂಟಾ ಅಂತ ಹೋಗಿ ಕೇಳಿ. ಇಲ್ಲದಿದ್ದರೆ ಹತ್ತು ಜನ ಸಹಿ ಹಾಕಿ ಕೇಳಿ. ಒಬ್ಬ ಕೇಳಿದರೆ "ನೋಡೋಣ" ಅನ್ನುತ್ತಾರೆ, ಹತ್ತು ಜನ ಕೇಳಿದರೆ ಫೈಲು ತೆರೆಯಬೇಕಾಗುತ್ತದೆ.

ಸರಕಾರಕ್ಕೂ ಕಾಲೇಜುಗಳಿಗೂ ಒಂದು ಮಾತು. ಮಕ್ಕಳು ಬರಬೇಕಾದರೆ ಬಾಗಿಲು ತೆರೆದಿರಬೇಕು. ಅರ್ಜಿಯ ಮಾಹಿತಿ ಕನ್ನಡದಲ್ಲಿ ಕೊಡಿ. ಕನ್ನಡದ ಖಾಯಂ ಹುದ್ದೆಗಳನ್ನು ಗೆಸ್ಟ್‌ಗಳಿಂದ ತಳ್ಳಿಕೊಂಡು ಹೋಗಬೇಡಿ. ಭಾಷಾ ಅಲ್ಪಸಂಖ್ಯಾತರ ಪ್ರದೇಶದಲ್ಲಿ 16 ಗಂಟೆಯ ಲೆಕ್ಕವನ್ನು ಸಡಿಲಿಸಿ. ಮೊದಲ ಸೆಮಿಸ್ಟರಿನಲ್ಲಿ ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಇಂಗ್ಲಿಷಿನಲ್ಲೇ ಪಾಠ ಹೇಳಿ, ನಗಬೇಡಿ. ಇಷ್ಟು ಮಾಡದೆ "ಕನ್ನಡದವರು ಬರುವುದೇ ಇಲ್ಲ" ಅಂತ ವರದಿ ಬರೆದರೆ ನಾವು ಒಪ್ಪುವುದಿಲ್ಲ.

ಹಾಗೆಂದು ಅವರು ಎಲ್ಲವನ್ನೂ ಸರಿ ಮಾಡಿದ ಮೇಲೆ ಬರುತ್ತೇವೆ ಅಂತ ಕೂತರೆ ಯಾವತ್ತೂ ಬರುವುದಿಲ್ಲ. ಮೊದಲು ಸೇರಬೇಕು, ಆಮೇಲೆ ಕೇಳಬೇಕು. ಹೊರಗೆ ನಿಂತು ಕೇಳುವವನಿಗಿಂತ ಹಾಜರಿ ಪುಸ್ತಕದಲ್ಲಿ ಹೆಸರು ಇರುವವನ ದನಿ ಗಟ್ಟಿ.

ಅಕ್ಷಯ ಕೇಂದ್ರಕ್ಕೆ ಅರ್ಜಿ ತುಂಬಲು ಹೋಗುವಾಗ ಆಪ್ಶನ್‌ಗಳ ಪಟ್ಟಿಯನ್ನು ಮನೆಯಲ್ಲೇ ಬರೆದುಕೊಂಡು ಹೋಗಿ. ಅಲ್ಲಿ ರಶ್ಶಿನಲ್ಲಿ ಕೂತವರು ಹೇಳಿದ ಹಾಗೆ ಟಿಕ್ ಮಾಡಿಸಬೇಡಿ. ಎರಡನೇ ಭಾಷೆ ಎಲ್ಲಿ ಕೇಳಿದರೂ ಕನ್ನಡ ಅನ್ನಿ. ಗೊಂದಲ ಇದ್ದರೆ ನಮ್ಮ ಪೇಜಿಗೆ ಮೆಸೇಜ್ ಹಾಕಿ. ನಮ್ಮಲ್ಲಿ ಆ ಕಾಲೇಜಿನಲ್ಲಿ ಓದಿದವರಿದ್ದಾರೆ, ಈಗ ಓದುತ್ತಿರುವವರೂ ಇದ್ದಾರೆ. ಪೋನಿನಲ್ಲಿ ಮಾತಾಡುತ್ತೇವೆ, ಬೇಕಾದರೆ ಮನೆಗೆ ಬಂದು ಅಪ್ಪ ಅಮ್ಮನ ಹತ್ತಿರವೂ ಮಾತಾಡುತ್ತೇವೆ.

ನಾಳೆ ಬೆಳಿಗ್ಗೆ ಕುಂಬಳೆಯಲ್ಲೋ ಉಪ್ಪಳದಲ್ಲೋ ಬಸ್ಸಿಗೆ ನಿಂತಾಗ ಒಮ್ಮೆ ರಸ್ತೆಯ ಎರಡೂ ಬದಿ ನೋಡಿ. ಉತ್ತರಕ್ಕೆ ಹೋಗುವ ಬಸ್ಸಿನಲ್ಲಿ ನಮ್ಮ ಮಕ್ಕಳು ನೇತಾಡುತ್ತಾ ಹೋಗುತ್ತಾರೆ. ದಕ್ಷಿಣಕ್ಕೆ ಹೋಗುವ ಬಸ್ಸಿನಲ್ಲಿ ಕನ್ನಡ ಮಾತಾಡುವವರ ಸೀಟು ಖಾಲಿ ಉಂಟು. ಈ ವರ್ಷ ಅದರಲ್ಲಿ ನೀವು ಕೂತುಕೊಳ್ಳಿ.