ಬೆಟ್ಟವನ್ನು ಕೊಟ್ಟವರಾರು?

ಕಾಕಸಸ್ ಪರ್ವತವಾಸಿಗಳೊಡನೆ ರಷ್ಯದ ಚಕ್ರವರ್ತಿಗಳು ಹೂಡಿದ ದೀರ್ಘಸಮರಕ್ಕೆ ಸಾಮ್ರಾಜ್ಯಪಕ್ಷದ ಇತಿಹಾಸಕಾರರಿತ್ತ ನಾಮಧೇಯವು 'ಶಾಂತಿಸ್ಥಾಪನೆ'. ಪ್ರತಿಭಟಿಸಿದವರು ಅವರ ಲೆಕ್ಕದಲ್ಲಿ ದರೋಡೆಕೋರರು. 1818ರಲ್ಲಿ ಸೇನಾಪತಿ ಯೆರ್ಮೊಲೋವನು ಚೆಚೆನ್ನರ ನಾಡಿನಲ್ಲಿ ಕೋಟೆ ಕಟ್ಟಿಸಿ ಅದನ್ನು 'ಗ್ರೋಜ್ನಯಾ' ಎಂದು ಕರೆದನು, ಎಂದರೆ 'ಭಯಂಕರ'. ಶಾಂತಿಯನ್ನು ಹೊತ್ತು ತಂದವನು ತನ್ನ ಮನೆಗೆ ಇಂಥ ಹೆಸರಿಡುವನೇ?

ಇನ್ನು ಹಕ್ಕಿನ ಮಾತು. 1829ರ ಅಡ್ರಿಯಾನೋಪಲ್ ಒಪ್ಪಂದದಿಂದ ತುರ್ಕರ ಸುಲ್ತಾನನು ಕಪ್ಪುಸಮುದ್ರದ ಚೆರ್ಕೆಸ್ ಕರಾವಳಿಯನ್ನು ರಷ್ಯಕ್ಕೆ ಬಿಟ್ಟುಕೊಟ್ಟನಂತೆ! ಅಲ್ಲಿ ಆತನಿಗಿದ್ದುದು ಕೆಲವು ಕೋಟೆಗಳು ಮಾತ್ರ. ಚೆರ್ಕೆಸ್ಸರು ತಮ್ಮನ್ನು ಆತನ ಪ್ರಜೆಗಳೆಂದು ಒಪ್ಪಿದವರಲ್ಲ. ತನ್ನದಲ್ಲದ ಹೊಲವನ್ನು ಒಬ್ಬನು ದಾನ ಮಾಡಿದನು, ಮತ್ತೊಬ್ಬನು ಪತ್ರ ಹಿಡಿದು ಬೇಲಿ ಹಾಕಲು ಬಂದನು, ಉಳುವವನನ್ನು ಕೇಳಿದವರಿಲ್ಲ.

ಪೂರ್ವದ ದಾಗೆಸ್ತಾನದಲ್ಲಿ 1834ರಲ್ಲಿ ಶಾಮಿಲನು ಇಮಾಮನಾದನು. 1839ರಲ್ಲಿ ಅಖುಲ್ಗೊ ಬಂಡೆಯ ಮೇಲೆ ಸುಮಾರು 80 ದಿನ ಮುತ್ತಿಗೆಯನ್ನು ತಡೆದನು. ಸಂಧಾನಕ್ಕಾಗಿ ಎಳೆವಯಸ್ಸಿನ ಮಗ ಜಮಾಲುದ್ದೀನನನ್ನು ಒತ್ತೆಯಾಗಿ ಒಪ್ಪಿಸಬೇಕಾಯಿತು. ಆದರೂ ಮುತ್ತಿಗೆ ನಿಲ್ಲಲಿಲ್ಲ. ಶಾಮಿಲನು ತಪ್ಪಿಸಿಕೊಂಡು ಮತ್ತೆ ಸೈನ್ಯ ಕೂಡಿಸಿದನು. 1845ರಲ್ಲಿ ವೊರೊಂತ್ಸೋವನ ದಂಡು ದಾರ್ಗೊ ಗ್ರಾಮವನ್ನು ಹಿಡಿದು, ಹಿಂದಿರುಗುವ ಕಾಡುದಾರಿಯಲ್ಲಿ ಸಾವಿರಾರು ಜನರನ್ನು ಕಳೆದುಕೊಂಡಿತು. ಅನಂತರವೇ ಕೊಡಲಿಗೆ ಪ್ರಾಶಸ್ತ್ಯ ಬಂದುದು. ಚೆಚೆನ್ನರಿಗೆ ಮರೆಯಾಗಿದ್ದ ಬೀಚ್ ವೃಕ್ಷಗಳ ಅರಣ್ಯವನ್ನು ವರ್ಷವರ್ಷವೂ ಕಡಿದು ಫಿರಂಗಿಗೆ ದಾರಿ ಮಾಡಿದರು. ಮನುಷ್ಯರನ್ನು ಗೆಲ್ಲಲಾರದೆ ಮರಗಳ ಮೇಲೆ ಯುದ್ಧ ಹೂಡಿದ ಸೇನೆಯ ಶೌರ್ಯವನ್ನು ವಾಚಕರೇ ಅಳೆಯಲಿ. 1859ರ ಆಗಸ್ಟಿನಲ್ಲಿ ಗುನೀಬಿನಲ್ಲಿ ಸುಮಾರು 400 ಜನರೊಡನೆ ಉಳಿದಿದ್ದ ಶಾಮಿಲನು ಬರ್ಯಾತಿನ್‌ಸ್ಕಿಗೆ ಶರಣಾದನು.

ಶಾಮಿಲನು ಕಠೋರಶಾಸಕನಾಗಿದ್ದನು, ಶತ್ರುವಿಗೆ ತಲೆಬಾಗಿದ ಹಳ್ಳಿಗಳನ್ನು ದಂಡಿಸಿದನು ಎಂದು ಆಕ್ಷೇಪಿಸುವರು. ನಿಜವೇ. ಆದರೆ ಮನೆಯ ಯಜಮಾನನು ಮುಂಗೋಪಿಯೆಂಬುದರಿಂದ ಕನ್ನವಿಕ್ಕಿದವನಿಗೆ ಮನೆಯ ಹಕ್ಕು ಬರುವುದುಂಟೇ? ಸೋವಿಯತ್ ಪಂಡಿತರ ಚಮತ್ಕಾರವನ್ನೂ ನೋಡಿರಿ: ಅವರಿಗೆ ಮೊದಲು ವಿಮೋಚನಾವೀರನಾಗಿದ್ದ ಶಾಮಿಲನು 1950ರಲ್ಲಿ ಸರಕಾರದ ಅಪ್ಪಣೆಯಾದೊಡನೆ ಪ್ರತಿಗಾಮಿಯಾಗಿಬಿಟ್ಟನು. 1871ರಲ್ಲೇ ಮದೀನದಲ್ಲಿ ತೀರಿಕೊಂಡವನು ಅಷ್ಟರಲ್ಲಿ ಮಾಡಿದ ಹೊಸ ಅಪರಾಧವಾವುದೋ!

ಪಶ್ಚಿಮದಲ್ಲಿ ಚೆರ್ಕೆಸ್ಸರು ಇನ್ನೂ ಐದು ವರ್ಷ ಹೋರಾಡಿದರು. ಗ್ರಾಮಗಳನ್ನು ಸುಟ್ಟು, ಲಕ್ಷಾಂತರ ಜನರನ್ನು ಕಡಲತೀರಕ್ಕೆ ಅಟ್ಟಿ ತುರ್ಕಸ್ಥಾನಕ್ಕೆ ಹಡಗು ಹತ್ತಿಸಿದರು. ಹಸಿವು ರೋಗಗಳಿಂದ ದಡದಲ್ಲಿಯೂ ಹಡಗಿನಲ್ಲಿಯೂ ಟ್ರೆಬಿಜಾಂಡಿನ ಬಂದರಿನಲ್ಲಿಯೂ ಅಸಂಖ್ಯರು ಮಡಿದರು. 1864ರ ಮೇ 21ರಂದು ಕ್ಬಾದಾ ಕಣಿವೆಯಲ್ಲಿ ಸೇನೆಯು ವಿಜಯೋತ್ಸವ ಆಚರಿಸಿತು. ಇದು ನರಮೇಧವೆಂದು ಜಾರ್ಜಿಯದ ಸಂಸತ್ತು 2011ರಲ್ಲಿ ನಿರ್ಣಯಿಸಿತು. ಮಾಸ್ಕೋ ಒಪ್ಪಲಿಲ್ಲ, 2014ರಲ್ಲಿ ಸರಿಯಾಗಿ 150ನೆಯ ವರ್ಷ, ಕ್ರಾಸ್ನಯಾ ಪೊಲ್ಯಾನಾ ಎಂದು ಹೆಸರು ಬದಲಾದ ಅದೇ ಕಣಿವೆಯಲ್ಲಿ ಜಗತ್ತಿನ ಜನರನ್ನು ಕರೆದು ಒಲಿಂಪಿಕ್ ಹಿಮಕ್ರೀಡೆಗಳನ್ನು ಆಡಿಸಿತು.